ಫುಟ್‌ಪಾತ್‌ನಲ್ಲಿ ಮಲಗುವವರಿಗೆ ಕಲ್ಯಾಣ ಮಂಟಪ ಬಿಟ್ಟುಕೊಡಬಹುದೇ?

ಸಮಿತಿ ಕಾರ್ಯದರ್ಶಿ: ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಸುತ್ತ ಅಂಗಡಿ ಜಗಲಿ ಮೇಲೆ ಮಲಗುವವರಿಗೆ ದೇವಸ್ಥಾನದ ಕಲ್ಯಾಣ ಮಂಟಪವನ್ನು ರಾತ್ರಿ ಹೊತ್ತು ಬಿಟ್ಟುಕೊಡುವ ಯೋಚನೆ ಇದೆ. 1,000 ಚದರಡಿ ಹಾಲ್, 60 ಜನ ಹಿಡಿಸಬಹುದು. ಸಂಜೆ ಭಜನೆ, ಆಮೇಲೆ ಊಟ, ಹತ್ತಕ್ಕೆ ಬಾಗಿಲು. ಸರಿಹೋಗುತ್ತಾ?

ಗೋಣಿಚೀಲ: 60 ಆಗಲ್ಲ ಸರ್. ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಪ್ರಕಾರ ತಲೆಗೆ 50 ಚದರಡಿ, ಅಂದರೆ 20 ಜನ. ಒತ್ತೊತ್ತಾಗಿ ಮಲಗಿಸಿದರೆ ಮೊದಲು ಹರಡೋದು ಕಜ್ಜಿ. ಕೆರೆದುಕೊಳ್ಳುವವನೊಬ್ಬನಿಗೆ ಮುಲಾಮು ಕೊಟ್ಟರೆ ಸಾಲದು. ಎಲ್ಲರೂ ಒಂದೇ ರಾತ್ರಿ 5% ಪರ್ಮೆಥ್ರಿನ್ ಮುಲಾಮು ಕತ್ತಿನಿಂದ ಅಂಗಾಲಿನವರೆಗೆ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ತೊಳೆಯಬೇಕು. ವಾರದ ಮೇಲೆ ಇನ್ನೊಂದು ಸಲ. ಹೊದಿಕೆ, ಬಟ್ಟೆ ಅವತ್ತೇ ಬಿಸಿನೀರಿಗೆ.

ಹತ್ತಕ್ಕೆ ಬೀಗ ಹಾಕಿ ಆರಕ್ಕೆ ತೆಗೆದರೆ ಹಮಾಲರು ಬರೋದೇ ಇಲ್ಲ, ಮಾರುಕಟ್ಟೆಗೆ ಲೋಡ್ ಬರೋದು ಬೆಳಗಿನ ಜಾವ. ಗಂಟುಮೂಟೆ ಇಡೋಕೆ ಬೀಗದ ಪೆಟ್ಟಿಗೆ ಇಲ್ಲದಿದ್ದರೂ ಬರಲ್ಲ. ಇನ್ನೊಂದು: ಆಷಾಢದಲ್ಲಿ ಮಲಗಿಸಿ, ಶ್ರಾವಣದಲ್ಲಿ ಮದುವೆ ಬುಕ್ ಆಯಿತು ಅಂತ ಎಬ್ಬಿಸೋದಾದರೆ ಶುರು ಮಾಡಲೇಬೇಡಿ.

ದಾಸೋಹಿ: ಹೀಗೆ ಲೆಕ್ಕ ಹಾಕುತ್ತ ಕೂತರೆ ಧರ್ಮಕಾರ್ಯ ನಡೆದಹಾಗೇ. ಊಟ ಹಾಕಿ, ಕುಡಿತ ಬಿಡಿಸಿ, ಉಳಿದದ್ದು ತಾನಾಗಿ ಆಗುತ್ತೆ. ಅಯ್ಯಪ್ಪ ಮಾಲೆ ಹಾಕಿದವನು 41 ದಿನ ಬಾರ್ ಕಡೆ ತಿರುಗಿ ನೋಡಲ್ಲ. ಯಾವ ಸರ್ಕಾರಿ ಯೋಜನೆಗಿದೆ ಈ ಶಕ್ತಿ?

ಮೂರನೇ ವಾರ್ಡ್: ಶಕ್ತಿ ಇದೆ, ಅಪಾಯವೂ ಇದೆ. ವರ್ಷಗಟ್ಟಲೆ ಬೆಳಗ್ಗೆಯಿಂದಲೇ ಕುಡಿಯುವವನು ದಿಢೀರ್ ನಿಲ್ಲಿಸಿದರೆ ಮೊದಲ ದಿನವೇ ಕೈನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು-ಮೂರನೇ ದಿನ ಇಲ್ಲದ್ದೆಲ್ಲ ಕಾಣಿಸಿ ಬಡಬಡಿಸಲು ಶುರುವಾದರೆ ಪ್ರಾಣಕ್ಕೇ ಕುತ್ತು. ಅದನ್ನು ಮೈಮೇಲೆ ಬಂದಿದೆ ಅಂದುಕೊಂಡು ಕುಂಕುಮ ಹಚ್ಚಿ ಕೂರಿಸುತ್ತಾರಲ್ಲ, ಅಲ್ಲೇ ಸಾವು ಆಗೋದು. ಮೊದಲ ವಾರ ಆಸ್ಪತ್ರೆ, ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಬಾರದು. ಮಾಲೆ ಆಮೇಲೆ.

ದಾಸೋಹಿ: ಆಸ್ಪತ್ರೆ ಮೊದಲು ಅನ್ನೋದು ಒಪ್ಪಿದೆ. ಆದರೆ ಜಗಲಿ ಮೇಲೆ "ಏಯ್, ಏಳೋ" ಅನ್ನಿಸಿಕೊಂಡವನನ್ನು ಮಾಲೆ ಹಾಕಿದ ದಿನದಿಂದ ಊರೆಲ್ಲ "ಸ್ವಾಮಿ" ಅನ್ನುತ್ತೆ. ಅದನ್ನು ಮಾತ್ರೆಯಲ್ಲಿ ಕೊಡೋಕಾಗಲ್ಲ.

ಮೂರನೇ ವಾರ್ಡ್: ಒಪ್ಪಿದೆ. ಭಜನೆಗೆ ಬಂದರೆ ಮಾತ್ರ ಊಟ ಅನ್ನೋದು ಬೇಡ ಅಷ್ಟೆ. ಅಲ್ಲಿ ಮಲಗುವವರಲ್ಲಿ ಸಾಬರೂ ಇರ್ತಾರೆ, ಕ್ರೈಸ್ತರೂ ಇರ್ತಾರೆ.

ಕಡತ: ಊಟ, ಮಾಲೆ ಎರಡಕ್ಕಿಂತ ಮುಂಚೆ ಆಧಾರ್ ನೋಡಿ. ಅದಿಲ್ಲದೆ ಪಡಿತರ, ಪಿಂಚಣಿ, ಜನಧನ್ ಖಾತೆ ಎಲ್ಲಕ್ಕೂ ಅಲೆದಾಟ. ಕ್ಷಯ ಇರುವವರಿಗೆ ಪೌಷ್ಟಿಕ ಆಹಾರಕ್ಕೆಂದು ಸರ್ಕಾರದ ನಿಕ್ಷಯ್ ಪೋಷಣೆ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಬರುತ್ತೆ, ಅದೂ ಬ್ಯಾಂಕ್ ಖಾತೆಗೆ.

ಎಲ್ಲರೂ ಮಾಡುವ ತಪ್ಪು ಅಂದರೆ ಹೊಸ ಆಧಾರ್‌ಗೆ ಅರ್ಜಿ ಹಾಕಿಸೋದು. ಹಲವರದ್ದು ಎಂದೋ ಆಗಿರುತ್ತೆ, ಕಾರ್ಡ್ ಕಳೆದಿರುತ್ತೆ, ಸಿಮ್ ಹೋಗಿರೋದರಿಂದ ಒಟಿಪಿ ಬರಲ್ಲ. ಮತ್ತೆ ಬೆರಳಚ್ಚು ಕೊಟ್ಟರೆ ಈಗಾಗಲೇ ಇದೆ ಅಂತ ತಿರಸ್ಕಾರ. ಮೊದಲು ಆಧಾರ್ ಸೇವಾ ಕೇಂದ್ರದಲ್ಲಿ ಹಳೇ ಸಂಖ್ಯೆ ಹುಡುಕಿಸಿ.

ಸಮಿತಿ ಕಾರ್ಯದರ್ಶಿ: ಹೊಸದೇ ಬೇಕಾದರೆ ವಿಳಾಸಕ್ಕೆ ದೇವಸ್ಥಾನದ ಲೆಟರ್‌ಹೆಡ್ ನಡೆಯುತ್ತಾ?

ಕಡತ: ಇಲ್ಲ. ಆಧಾರ್ ಪ್ರಾಧಿಕಾರದ ನಿಗದಿತ ಪ್ರಮಾಣಪತ್ರವೇ ಬೇಕು. ಸಹಿ ಗೆಜೆಟೆಡ್ ಅಧಿಕಾರಿ, ಶಾಸಕರು ಅಥವಾ ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರದ್ದು. ಫೋಟೊ ಮೇಲೆ ಅಡ್ಡಲಾಗಿ ಸಹಿ, ಮೊಹರು. ಬಿಳಿ ಶಾಯಿ ಬಳಿದರೆ, ತಿದ್ದಿದರೆ, ಮೂರು ತಿಂಗಳು ದಾಟಿದರೆ ವಾಪಸ್.

ಅದಕ್ಕೇ ಮಂಟಪಕ್ಕಿಂತ ಪಾಲಿಕೆಯ ಆಶ್ರಯ ಕೇಂದ್ರಕ್ಕೆ ಕೈಜೋಡಿಸಿ ಅನ್ನೋದು. ಲಕ್ಷ ಜನಸಂಖ್ಯೆಗೊಂದು, 24 ಗಂಟೆಯೂ ತೆರೆದ ಕೇಂದ್ರ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಜಾಗ, ಮಾನ್ಯತೆ ಅವರದ್ದು. ಊಟ, ಓಡಾಟ, ಜೊತೆಗೊಬ್ಬ ಮನುಷ್ಯ ನಿಮ್ಮದು.

ಗೋಣಿಚೀಲ: ಮಾಲೆ ವಿಷಯಕ್ಕೆ ಬರೋಣ. ಕಷ್ಟ ಇರೋದು 42ನೇ ದಿನ. ಮಾಲೆ ತೆಗೆದು ಅದೇ ಜಗಲಿಗೆ ಹೋದರೆ ಸಂಜೆಗೇ ಬಾಟಲಿ. ಕೆಲಸ, ಕೋಣೆ ಎರಡೂ ಅಷ್ಟರೊಳಗೆ ಗೊತ್ತಾಗಿರಬೇಕು.

ದಾಸೋಹಿ: ಅಡ್ವಾನ್ಸ್ ಹುಂಡಿಯಿಂದ ಕೊಟ್ಟು ಸಮಿತಿ ಹೆಸರಲ್ಲೇ ಕೋಣೆ ಹಿಡಿದರೆ ದುಡ್ಡು ಭದ್ರ.

ಕಡತ: ದುಡ್ಡು ಭದ್ರ, ಅವನು ಅಭದ್ರ. ಕರಾರು ಪತ್ರ ಅವನ ಹೆಸರಲ್ಲಿರಲಿ, 11 ತಿಂಗಳದ್ದು. ಬಿಡುವಾಗ ಅಡ್ವಾನ್ಸ್ ಸಮಿತಿ ಖಾತೆಗೆ ವಾಪಸ್ ಅಂತ ಒಂದು ಸಾಲು ಸೇರಿಸಿ, ಜಾಮೀನಿಗೆ ನೀವು ಸಹಿ ಹಾಕಿ. ನಿಮ್ಮ ಹೆಸರಲ್ಲಿದ್ದರೆ ಆ ವಿಳಾಸ ಅವನ ಯಾವ ಅರ್ಜಿಗೂ ಬರಲ್ಲ.

ಸಮಿತಿ ಕಾರ್ಯದರ್ಶಿ: ಭಾನುವಾರದ ಸಭೆಗೆ ಮಂಟಪದ ಬದಲು ಇದನ್ನೇ ಇಡ್ತೀನಿ. ಬೀಗದ ಪೆಟ್ಟಿಗೆ 20 ಸಾಕಾ?

ಗೋಣಿಚೀಲ: 25 ಮಾಡಿಸಿ. ಐದರ ಬೀಗ ಕೆಟ್ಟೇ ಇರುತ್ತೆ.