ಆಯಿಲ್ ಸೋರುತ್ತದೆಯೋ, ಕುಡಿಯುತ್ತದೆಯೋ?

ಪ್ರಶ್ನೆ (ಚಿಂಚವಾಡ, ಪುಣೆ): ಪುಣೆ-ಮುಂಬೈ ನಡುವೆ ಟ್ಯಾಕ್ಸಿ, ಟೆಂಪೊ ಓಡಿಸುವ ವಿಜಯಪುರ, ಕಲಬುರಗಿ ಕಡೆಯ ಡ್ರೈವರುಗಳಿಗೆ ಒಂದು ಕನ್ನಡ ಕೈಪಿಡಿ ತಯಾರಾಗುತ್ತಿದೆ. ಮೂಲದ ‘ಆಯಿಲ್ ಲಾಸ್’ (ಇಂಜಿನ್ ಆಯಿಲ್ ಕಡಿಮೆಯಾಗುವುದು) ಕರಡಿನಲ್ಲಿ ಎಲ್ಲೆಡೆ ‘ತೈಲ ಸೋರಿಕೆ’ ಎಂದಾಗಿದೆ. ಇಲ್ಲಿನ ಗ್ಯಾರೇಜುಗಳಲ್ಲಿ ಮರಾಠಿಯ ‘ಗಾಡೀ ಆಯಿಲ್ ಖಾತೇ’ ನಡೆಯುತ್ತದೆ. ‘ತಿನ್ನುತ್ತದೆ’ ಎಂದರೆ ಒಪ್ಪೀತೆ? ಇಂಜಿನ್ ಆಯಿಲಿನ ಗ್ರೇಡ್ ‘15ಡಬ್ಲ್ಯೂ-40’ರ ಡಬ್ಲ್ಯೂ ಎಂದರೆ ವೇಟ್ (ತೂಕ) ಎಂದೂ ಕರಡಿನಲ್ಲಿದೆ. ಸರಿಯೆ?

ಉತ್ತರ 1: ಎಲ್ಲದಕ್ಕೂ ‘ಸೋರಿಕೆ’ ಎಂದು ಬರೆದರೆ ಡ್ರೈವರ್ ಗಾಡಿಯ ಕೆಳಗೆ ಬಗ್ಗಿ ನೋಡುತ್ತಾನೆ. ನೆಲ ಒಣಗಿದ್ದರೆ ನೆಮ್ಮದಿಯಿಂದ ಹೊರಡುತ್ತಾನೆ. ಆಯಿಲ್ ಮಾತ್ರ ಸೈಲೆನ್ಸರಿನಿಂದ ಹೊಗೆಯಾಗಿ ಹೋಗುತ್ತಲೇ ಇರುತ್ತದೆ. ಆದ್ದರಿಂದ ಕನಿಷ್ಠ ನಾಲ್ಕು ಮಾತು ಬೇಕು.

ಗ್ಯಾಸ್ಕೆಟ್ (ಇಂಜಿನ್ ಭಾಗಗಳ ಜೋಡಣೆಯ ನಡುವಿನ ತೆಳು ಪದರ) ಅಂಚು ಒದ್ದೆಯಾಗಿ ಧೂಳು ಮೆತ್ತಿಕೊಂಡಿದ್ದರೆ ಅದು ‘ಜಿನುಗುವುದು’. ಒರೆಸಿ, ಕೆಲವು ದಿನ ಬಿಟ್ಟು ಮತ್ತೆ ನೋಡಿದರೆ ಸಾಕು. ನೆಲಕ್ಕೆ ಹನಿ ಬಿದ್ದರೆ ‘ಸೋರುವುದು’. ಆಯಿಲ್ ಬದಲಿಸಿದ ಬೆನ್ನಿಗೇ ಶುರುವಾಗಿದ್ದರೆ ಮೊದಲ ಅನುಮಾನ ಡ್ರೈನ್ ಬೋಲ್ಟಿನ ಹಳೆಯ ವಾಷರಿನ ಮೇಲೆ. ಎರಡನೆಯದು, ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಇಂಜಿನ್ನಿಗೇ ಅಂಟಿ ಉಳಿದು ಅದರ ಮೇಲೆ ಹೊಸ ಫಿಲ್ಟರ್ ಕೂತಿರುವುದು. ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿ ಹನಿಯುತ್ತಿದ್ದರೆ ಕ್ರ್ಯಾಂಕಿನ (ಇಂಜಿನ್ನಿನ ತಿರುಗುವ ದಂಡ) ಹಿಂದಿನ ಸೀಲ್ ಹೋಗಿರಬಹುದು. ಆ ಸೀಲಿನ ಬೆಲೆ ಅಲ್ಪ, ಗೇರ್‌ಬಾಕ್ಸ್ ಇಳಿಸುವ ಮಜೂರಿಯೇ ದುಬಾರಿ. ರಾತ್ರಿ ಇಂಜಿನ್ ಕೆಳಗೆ ರಟ್ಟು ಹಾಸಿಟ್ಟರೆ ಎಸಿ ನೀರೋ ಆಯಿಲೋ ಬೆಳಿಗ್ಗೆ ಗೊತ್ತಾಗುತ್ತದೆ: ನೀರು ಆರುತ್ತದೆ, ಆಯಿಲ್ ಕಲೆ ಉಳಿಯುತ್ತದೆ. ಹನಿ ಬಿದ್ದ ಜಾಗವೇ ಸೋರುವ ಜಾಗವಲ್ಲ. ಗಾಳಿ ಹಿಂದಕ್ಕೆ ತಳ್ಳುತ್ತದೆ. ಒದ್ದೆಯಿರುವ ಅತಿ ಮೇಲಿನ ಬಿಂದುವನ್ನು ಹುಡುಕಬೇಕು.

ಮೂರನೆಯದು ‘ಸುಡುವುದು’, ಗುರುತು ನೀಲಿ ಹೊಗೆ. ಪೆಟ್ರೋಲ್ ಗಾಡಿ ಖಂಡಾಲಾ ಘಾಟ್ ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದಿರುತ್ತೇವೆ. ಸಿಲಿಂಡರಿನೊಳಗಿನ ನಿರ್ವಾತ ವಾಲ್ವಿನ ಬದಿಯಿಂದ ಆಯಿಲನ್ನು ಎಳೆಯುತ್ತದೆ. ಕೆಳಗೆ ಬಂದು ಮತ್ತೆ ಒತ್ತಿದಾಗ ನೀಲಿ ಹೊಗೆ ಭುಸ್ ಎಂದರೆ ವಾಲ್ವ್ ಸೀಲ್ ಗಡುಸಾಗಿದೆ. ಏರು ಹತ್ತುವಾಗ ಉದ್ದಕ್ಕೂ ನೀಲಿ ಹೊಗೆಯೆಂದರೆ ಪಿಸ್ಟನ್ ರಿಂಗ್ ಸವೆದಿರುವ ಸಂಭವ ಹೆಚ್ಚು.

ನಾಲ್ಕನೆಯದು ‘ಬೆರೆಯುವುದು’, ಅಂದರೆ ಇಂಜಿನ್ ತಣಿಸುವ ಕೂಲೆಂಟ್ ಆಯಿಲಿಗೆ ಸೇರುವುದು. ಡಿಪ್‌ಸ್ಟಿಕ್ಕಿನ (ಆಯಿಲ್ ಮಟ್ಟ ನೋಡುವ ಕಡ್ಡಿ) ಮೇಲೆ ಹಾಲು ಹಾಕಿದ ಕಾಫಿಯ ಬಣ್ಣ ಬಂದು ಕೂಲೆಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ಮಳೆಗಾಲದ ಚಿಕ್ಕ ಓಡಾಟದಲ್ಲಿ ಆಯಿಲ್ ಕ್ಯಾಪಿನ ಒಳಗಷ್ಟೇ ಇಂಥ ನೊರೆ ಕೂರುವುದುಂಟು. ಅದು ತೇವ, ಅದಕ್ಕೆ ಹೆಡ್ ಇಳಿಸುವುದು ಬೇಡ.

ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್-6 ಡೀಸೆಲ್ ಗಾಡಿಯಲ್ಲಿ ಉಲ್ಟಾ ಆಗುವುದೂ ಉಂಟು. ಫಿಲ್ಟರಿನ ಮಸಿ ಸುಡಲೆಂದು ಹೆಚ್ಚುವರಿ ಚಿಮ್ಮಿಸಿದ ಡೀಸೆಲ್ ಆಯಿಲಿಗಿಳಿದು ಮಟ್ಟ ಏರುತ್ತದೆ, ಆಯಿಲ್ ತೆಳುವಾಗುತ್ತದೆ. ಕೈಪಿಡಿಯಲ್ಲಿ ‘ಮಟ್ಟ ಏರಿದರೂ ತೋರಿಸಿ’ ಎಂದು ಸೇರಿಸಿ.

ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. 15ಡಬ್ಲ್ಯೂ ಆಯಿಲಿನ ಸ್ಟಾರ್ಟಿಂಗ್ ಪರೀಕ್ಷೆ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಚಳಿ ಪುಣೆಗೆ ಬರುವುದಿಲ್ಲ. 40 ಎಂದರೆ 100 ಡಿಗ್ರಿಯಲ್ಲಿ ಸ್ನಿಗ್ಧತೆ (ಆಯಿಲ್ ಎಷ್ಟು ಮಂದ ಎಂಬ ಅಳತೆ) 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗೆ. ಆಯಿಲ್ ಸುಡುವ ಇಂಜಿನ್ನಿಗೆ ‘ದಪ್ಪ’ ಆಯಿಲ್ ಹಾಕಿದರೆ ಕೆಲವು ಕಾಲ ಹೊಗೆ ತಗ್ಗಬಹುದು, ಪಿಸ್ಟನ್ ರಿಂಗ್ ಮಾತ್ರ ಸರಿಯಾಗದು. ಮ್ಯಾನುವಲ್ ಒಪ್ಪಿದ ಗ್ರೇಡ್ ದಾಟಬೇಡಿ.

ಉತ್ತರ 2: ‘ತಿನ್ನುತ್ತದೆ’ ಬೇಡ. ‘ಗಾಡಿ ಪೆಟ್ರೋಲ್ ಕುಡೀತೈತಿ’ ಎನ್ನುವವರಿಗೆ ‘ಆಯಿಲ್ ಕುಡೀತೈತಿ’ ತಾನಾಗಿ ಅರ್ಥವಾಗುತ್ತದೆ. ಮೇಲಿನವರ ‘ಸುಡುವುದು’ ಮೆಕ್ಯಾನಿಕ್ಕಿನ ಮಾತು. ತಲೆಬರಹಕ್ಕೆ ‘ಕುಡಿಯುವುದು’, ವಿವರಣೆಗೆ ‘ಸುಡುವುದು’ ಇರಲಿ.

‘ಟಾಪ್ ಅಪ್’ಗೆ ‘ತುಂಬಿಸಿ’ ಎಂದಿದ್ದರೆ ತಿದ್ದಿ, ಬಾಯಿವರೆಗೆ ಸುರಿಯುವವರಿದ್ದಾರೆ. ‘ಮಟ್ಟಕ್ಕೆ ಸೇರಿಸಿ’ ಎನ್ನಿ: ಸಮನೆಲದಲ್ಲಿ ಇಂಜಿನ್ ನಿಲ್ಲಿಸಿ ಐದು-ಹತ್ತು ನಿಮಿಷ ಬಿಟ್ಟು, ಕಡ್ಡಿ ಒರೆಸಿ ಅದ್ದಿ ನೋಡಿ, ಸುಮಾರು 200 ಮಿಲಿ ಹಾಕಿ ಮತ್ತೆ ನೋಡುವುದು. ಹಲವು ಕಾರುಗಳಲ್ಲಿ ಕಡ್ಡಿಯ ಕನಿಷ್ಠ-ಗರಿಷ್ಠ ಗೆರೆಗಳ ನಡುವೆ ಸುಮಾರು ಒಂದು ಲೀಟರ್. ಹೆಚ್ಚಾದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ.

‘ಟೂ ವ್ಹೀಲರ್ ಆಯಿಲ್’ ಎಂದಷ್ಟೇ ಬರೆದರೂ ಸಾಲದು. ಗೇರಿಲ್ಲದ ಸ್ಕೂಟರಿನ ಜಾಸೋ ಎಂಬಿ (ಜಪಾನಿನ ಆಯಿಲ್ ದರ್ಜೆ) ಆಯಿಲನ್ನು ಬೈಕಿಗೆ ಹಾಕಿದರೆ ಕ್ಲಚ್ ಜಾರಬಹುದು. ಬೈಕಿಗೆ ಎಂಎ ಅಥವಾ ಎಂಎ2 ಬೇಕು.

ಕೊನೆಯದಾಗಿ, ಕೆಂಪು ಆಯಿಲ್ ಲೈಟಿಗೆ ‘ಆಯಿಲ್ ಕಡಿಮೆ ಇದೆ’ ಎಂದು ಖಂಡಿತ ಬರೆಯಬೇಡಿ. ಅದು ಹೇಳುವುದು ಪ್ರೆಶರ್ ಬಗ್ಗೆ. ಹಾಗೆ ಓದಿದ ಡ್ರೈವರ್ ಮುಂದಿನ ಪಂಪಿನವರೆಗೆ ಓಡಿಸುತ್ತಾನೆ, ಅಷ್ಟರೊಳಗೆ ಬೇರಿಂಗ್ ಹಿಡಿದಿರುತ್ತದೆ. ‘ಆಯಿಲ್ ಪ್ರೆಶರ್ ಇಲ್ಲ, ಪಕ್ಕಕ್ಕೆ ಹಾಕಿ ಇಂಜಿನ್ ಈಗಲೇ ಬಂದ್ ಮಾಡಿ’ ಎಂದು ದಪ್ಪಕ್ಷರದಲ್ಲಿ ಹಾಕಿ.