ಗ್ರೀಸಿನ ‘ಮಸ್ತೀಹ’ಕ್ಕೆ ಕನ್ನಡದಲ್ಲಿ ಏನನ್ನೋಣ: ರಾಳವೋ, ಅಂಟೋ, ಮಸ್ತಗಿಯೋ?

ಎಲ್ಲರಿಗೂ ನಮಸ್ಕಾರ.

ಗ್ರೀಸಿನ ಹೀಯೊಸ್ ದ್ವೀಪದ ಬಗ್ಗೆ ಒಂದು ಪ್ರವಾಸ ಲೇಖನ ಬರೆಯುತ್ತಿದ್ದೇನೆ. (ಇಂಗ್ಲಿಷ್ ಕಾಗುಣಿತ ನೋಡಿ ನಮ್ಮಲ್ಲಿ ‘ಚಿಯೋಸ್’ ಅನ್ನುವವರುಂಟು. ಅಲ್ಲಿಯವರ ಬಾಯಲ್ಲಿ ಅದು ‘ಹೀಯೊಸ್’.) ಟರ್ಕಿಯ ಕರಾವಳಿಗೆ ತೀರಾ ಹತ್ತಿರದ ದ್ವೀಪ. ಬೆಟ್ಟ, ಕಡಲು, ಹಳೆಯ ಮಠ, ಇವಕ್ಕೆಲ್ಲ ಕನ್ನಡದಲ್ಲಿ ಪದಕ್ಕೇನೂ ಬರ ಇಲ್ಲ. ಲೇಖನ ನಿಂತಿರುವುದು ಅಲ್ಲಿಯ ಮುಖ್ಯ ಬೆಳೆಯ ಹತ್ತಿರ.

ದ್ವೀಪದ ದಕ್ಷಿಣದ ಹಳ್ಳಿಗಳಲ್ಲಿ ಒಂದು ಕುಳ್ಳ ಮರ ಬೆಳೆಸುತ್ತಾರೆ. ಪಿಸ್ತಾ ಮರಕ್ಕೆ ನೆಂಟ. ಬೇಸಿಗೆ ಬಂತೆಂದರೆ ಮರದ ಬುಡ ಗುಡಿಸಿ, ಬಿಳಿ ಸುಣ್ಣಮಣ್ಣಿನ ಪುಡಿ ಹರಡಿ, ತೊಗಟೆಗೆ ಸಣ್ಣ ಸಣ್ಣ ಗೀರು ಹಾಕುತ್ತಾರೆ. ಅಲ್ಲಿಂದ ಒಸರಿದ್ದು ಹನಿಹನಿಯಾಗಿ ಬಿದ್ದು ಗಟ್ಟಿಯಾಗುತ್ತದೆ. ಅದನ್ನು ಹೆಕ್ಕಿ, ಜರಡಿ ಹಿಡಿದು, ಮನೆಯಲ್ಲಿ ಕೂತು ಚಾಕುವಿನ ತುದಿಯಿಂದ ಹಸನು ಮಾಡುತ್ತಾರೆ. ಇದೇ ಮಸ್ತೀಹ, ಇಂಗ್ಲಿಷಿನ ಮ್ಯಾಸ್ಟಿಕ್. ಹಾಗೇ ಬಾಯಿಗೆ ಹಾಕಿಕೊಂಡು ಅಗಿಯಬಹುದು. ಬ್ರೆಡ್ಡಿಗೆ, ಸಿಹಿಗೆ, ಮದ್ಯಕ್ಕೂ ಹಾಕುತ್ತಾರೆ. ಈ ಬೇಸಾಯದ ತಿಳಿವಳಿಕೆಯನ್ನು ಯುನೆಸ್ಕೊ 2014ರಲ್ಲಿ ತನ್ನ ಪಟ್ಟಿಗೆ ಸೇರಿಸಿತು.

ಈಗ ಇದನ್ನು ಏನೆಂದು ಕರೆಯೋಣ? ‘ಗೋಂದು’, ‘ಅಂಟು’ ಎರಡೂ ಸರಿಹೋಗುವುದಿಲ್ಲ. ಜಾಲಿ ಗೋಂದು ನೀರಲ್ಲಿ ಕರಗುತ್ತದೆ, ಇದು ಕರಗುವುದಿಲ್ಲ. ‘ಸೊನೆ’ ಅಂದರೆ ಮಾವಿನಕಾಯಿಯ ತೊಟ್ಟು ಮುರಿದಾಗ ಚಿಮ್ಮಿ ಚರ್ಮ ಸುಡುವ ದ್ರವವೇ ಮೊದಲು ನೆನಪಾಗುತ್ತದೆ. ಮೈಸೂರಿನ ಗೆಳೆಯರೊಬ್ಬರು ‘ಹಾಲುಮಡ್ಡಿ ಅನ್ನಿ, ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ತೀರಿ’ ಅಂದರು. ಆದರೆ ಹಾಲುಮಡ್ಡಿ ನಮ್ಮ ಘಟ್ಟದ ಬೇರೆಯದೇ ಮರದ್ದು, ಅಗರಬತ್ತಿಗೆ ಹೋಗುವಂಥದ್ದು. ‘ರಾಳ’ ಶಾಸ್ತ್ರಕ್ಕೆ ಸರಿ. ಆದರೆ ರಾಳ ಎಂದೊಡನೆ ಧೂಪದ ಹೊಗೆ ಕಣ್ಣಿಗೆ ಬರುತ್ತದೆಯೇ ಹೊರತು ಬಾಯಲ್ಲಿ ನೀರೂರುವುದಿಲ್ಲ, ಅಲ್ವಾ?

ಇನ್ನೊಂದು ದಾರಿಯೂ ಇದೆ. ಯುನಾನಿ ವೈದ್ಯದಲ್ಲಿ ಇದಕ್ಕೆ ‘ರೂಮಿ ಮಸ್ತಗಿ’ ಎಂಬ ಹೆಸರು ಮೊದಲಿಂದಲೂ ಇದೆ. ಗ್ರಂಥಿಗೆ ಅಂಗಡಿಗಳಲ್ಲಿ ಹಾಗೇ ಕೇಳಬಹುದು. ರೂಮ್ ಅಂದರೆ ಅರಬರು, ಪರ್ಷಿಯನ್ನರು ಪೂರ್ವ ರೋಮನ್ ಸಾಮ್ರಾಜ್ಯಕ್ಕೆ ಇಟ್ಟ ಹೆಸರು. ‘ಯುನಾನಿ’ ಬಂದದ್ದು ಅಯೋನಿಯದಿಂದ (ಈಗಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿದ್ದ ಹಳೆಯ ಗ್ರೀಕ್ ಸೀಮೆ), ನಮ್ಮ ‘ಯವನ’ದ ಮೂಲವೂ ಅದೇ. ಹೀಯೊಸ್ ಆ ಹಳೆಯ ಅಯೋನಿಯದ ಹನ್ನೆರಡು ನಗರಗಳಲ್ಲಿ ಒಂದು! ಮದ್ದೂ ಅಲ್ಲಿಯದೇ, ವೈದ್ಯದ ಹೆಸರೂ ಆ ಕಡೆಯದೇ. ಹಾಗಾಗಿ ‘ಮಸ್ತಗಿ’ ಕಡೆಗೇ ನನ್ನ ಮನಸ್ಸು ವಾಲುತ್ತಿದೆ. ‘ಮಸ್ತಿ’ ಅಂತ ಓದಿಕೊಂಡು ನಗುವವರು ಇದ್ದೇ ಇರುತ್ತಾರೆ, ಇರಲಿ.

ಬಿದ್ದ ಹನಿಗಳನ್ನು ಅಲ್ಲಿಯವರು ‘ಕಣ್ಣೀರು’ ಅನ್ನುತ್ತಾರೆ. ಮೂರನೇ ಶತಮಾನದಲ್ಲಿ ಇಸಿಡೋರ್ ಎಂಬ ಸಂತನನ್ನು ರೋಮನ್ನರು ಕೊಂದಾಗ ಮರಗಳು ಅತ್ತವು ಎಂಬ ಕಥೆ ಇದೆ. ಕಥೆ ಹೇಳುವಾಗ ಕಣ್ಣೀರು ಸರಿ. ಆದರೆ ‘ಕಿಲೋಗಟ್ಟಲೆ ಕಣ್ಣೀರು ಮಾರುತ್ತಾರೆ’ ಎಂದು ಬರೆದರೆ ಹೇಗೆ? ಅಲ್ಲಿ ‘ಹರಳು’ ಅಂದುಕೊಂಡಿದ್ದೇನೆ. ನಿಮಗೇನನ್ನಿಸುತ್ತದೆ?

ಎರಡನೇ ಪದ ಪಿರ್ಗಿ ಎಂಬ ಹಳ್ಳಿಯದು. ಊರಿನ ಮನೆಗಳ ಮುಂಗೋಡೆಯ ತುಂಬ ಕಪ್ಪು ಬಿಳುಪಿನ ತ್ರಿಕೋನ, ಚೌಕ, ವೃತ್ತಗಳ ಸಾಲು. ನೋಡಿದರೆ ಬಣ್ಣ ಬಳಿದಂತಿದೆ, ಬಳಿದದ್ದಲ್ಲ. ಕಪ್ಪು ಮರಳಿನ ಗಾರೆ ಮೆತ್ತಿ, ಮೇಲೆ ಸುಣ್ಣ ಹೊಡೆದು, ಅದನ್ನು ಬೇಕಾದ ಆಕಾರಕ್ಕೆ ಕೆರೆದು ತೆಗೆಯುತ್ತಾರೆ. ಗ್ರೀಕಿನಲ್ಲಿ ‘ಕ್ಸಿಸ್ತಾ’, ಅಂದರೆ ಕೆರೆದದ್ದು. ನಾನು ‘ಹೆರೆಚಿತ್ತಾರ’ ಎಂದು ಕಟ್ಟಿದ್ದೇನೆ. ಸಾಗರ ಸೀಮೆಯ ದೀವರ ಹಸೆ ಚಿತ್ತಾರ ಕೆಂಪು ಗೋಡೆಯ ಮೇಲೆ ಬರೆಯುವಂಥದ್ದು, ಇದು ಹೆರೆದು ತೆಗೆಯುವಂಥದ್ದು. ‘ಚಿತ್ತಾರ’ವನ್ನು ಇಲ್ಲಿಗೆ ತಂದದ್ದು ಆ ಕಡೆಯವರಿಗೆ ಒಪ್ಪಿಗೆಯೇ? ‘ಉಬ್ಬುಚಿತ್ರ’ವಂತೂ ಖಂಡಿತ ಅಲ್ಲ, ಕೋಡುಬಳೆಯಷ್ಟೂ ಉಬ್ಬಿಲ್ಲ.

ಪಕ್ಕದ ಮೆಸ್ತಾ ಊರಲ್ಲಿ ಹೊರಸಾಲಿನ ಮನೆಗಳ ಹಿಂಗೋಡೆಗಳೇ ಸೇರಿ ಕೋಟೆಗೋಡೆ. ಕಡಲುಗಳ್ಳರ ಕಾಟಕ್ಕೆ ಮಾಡಿಕೊಂಡ ಉಪಾಯ. ಅದಕ್ಕೆ ‘ಕೋಟೆಹಳ್ಳಿ’ ಎಂದು ಬರೆದು ಮುಂದೆ ಹೋಗಿದ್ದೇನೆ.

ಕೊನೆಯದಾಗಿ ತೊಗಟೆಯ ಗೀರು. ಅಲ್ಲಿ ಇದಕ್ಕೆ ‘ಕೇಂದಿಮಾ’ ಅನ್ನುತ್ತಾರೆ. ಕಸೂತಿಗೂ ಅದೇ ಪದ. ನಮ್ಮಲ್ಲಿ ರಬ್ಬರ್ ಮರಕ್ಕೆ ಹಾಕುವುದನ್ನು ಎಲ್ಲರೂ ‘ಟ್ಯಾಪಿಂಗ್’ ಅನ್ನುತ್ತಾರೆ. ಸುಳ್ಯ, ಪುತ್ತೂರಿನ ಕಡೆ ಕೆಲಸಗಾರರ ಬಾಯಲ್ಲಿ ಬೇರೆ ಪದ ಇದೆಯೇ? ಈಚಲು ಮರ ಕೆತ್ತುವವರು, ಘಟ್ಟದಲ್ಲಿ ಧೂಪ ಇಳಿಸುವವರು ಏನನ್ನುತ್ತಾರೆ? ಗೊತ್ತಿದ್ದವರು ಊರಿನ ಹೆಸರಿನ ಜೊತೆಗೆ ತಿಳಿಸಿ. ಸಿಕ್ಕರೆ ‘ಗೀರು’ ತೆಗೆದು ಅದನ್ನೇ ಹಾಕುತ್ತೇನೆ.