ಬೋರ್ ಕೊರೆಸಿಕೊಟ್ಟರೆ ಸಾಕಾ?

ಪ್ರಶ್ನೆ: ನಮ್ಮ ಚರ್ಚ್‌ನಲ್ಲಿ ಒಂದು ಬಡ ಹಳ್ಳಿಯ ಕುಡಿಯುವ ನೀರಿಗೆ ಅಂತ ಕಾಣಿಕೆ ಕೂಡಿಸಿದ್ದೇವೆ. ಲೆಕ್ಕ ಬರೆಯುವವಳು ನಾನು. ಎಲ್ಲರೂ ಬೋರ್‌ವೆಲ್ ಅಂತಾರೆ. ಹೋದ ಸಲ ಬೇರೆ ಊರಲ್ಲಿ ಹಾಕಿಸಿದ ಕೈಪಂಪು ಎರಡೇ ವರ್ಷಕ್ಕೆ ನಿಂತುಹೋಯಿತು. ಹೋಗಿ ನೋಡಿದರೆ ಹಿಡಿಗೆ ಯಾರೋ ಹಸು ಕಟ್ಟಿದ್ದರು! ಈ ಸಲ ಏನು ಮಾಡೋಣ?

ಉತ್ತರ 1: ಸಾಮಾನ್ಯವಾಗಿ ಸವೆಯುವುದು ಒಳಗಿನ ವಾಷರ್. ಸಣ್ಣ ಸಾಮಾನು, ಆದರೆ ಬದಲಿಸೋಕೆ ಗೊತ್ತಿರುವವರು ಬೇಕಲ್ವಾ? ಊರಿನ ಇಬ್ಬರು ಹೆಂಗಸರಿಗೆ ರಿಪೇರಿ ಕಲಿಸಿ. ಪಾನಾ, ವಾಷರ್ ಅವರ ಹತ್ತಿರವೇ ಇರಲಿ.

ಉತ್ತರ 2: ನೀರು ಪರೀಕ್ಷೆ ಮಾಡಿಸದೆ ಉದ್ಘಾಟನೆ ಇಟ್ಟುಕೊಳ್ಳಬೇಡಿ. ತಿಳಿಯಾಗಿ ಕಂಡರೂ ಫ್ಲೋರೈಡ್ ಇರಬಹುದು; ಅದು ಜಾಸ್ತಿಯಾದರೆ ಹಲ್ಲು, ಮೂಳೆ ಹಾಳುಮಾಡುವ ಲವಣ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಕುದಿಸಿದರೆ ಅದು ಹೋಗಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಜಾಸ್ತಿ ಆಗುತ್ತದೆ.

ಉತ್ತರ 3: ಪಂಪು ಚರ್ಚ್ ಕಾಂಪೌಂಡ್ ಒಳಗೆ ಮಾತ್ರ ಬೇಡ. ಗೇಟಿಗೆ ಬೀಗ ಬಿದ್ದರೆ ನೀರೂ ಬಂದ್. ಪ್ರಾರ್ಥನೆಗೆ ಬಾರದವರು ಕೊಡ ಹಿಡಿದು ಬರೋಕೂ ಹಿಂಜರಿಯುತ್ತಾರೆ.

ಪ್ರಶ್ನೆ ಕೇಳಿದವಳು: ದಾನಿಗಳ ಹೆಸರಿನ ಕಲ್ಲಿಗೆ ಅಂತ ಸ್ವಲ್ಪ ದುಡ್ಡು ತೆಗೆದಿಟ್ಟಿದ್ದಾರೆ. ಅದನ್ನು ವಾಷರ್‌ಗೂ ನೀರಿನ ಪರೀಕ್ಷೆಗೂ ಹಾಕೋಣ ಅಂತ ಭಾನುವಾರ ಹೇಳುತ್ತೇನೆ. ಜಗಳ ಗ್ಯಾರಂಟಿ.